ಅರಬ್ ಕಪ್ ಎರಡನೇ ದರ್ಜೆಯ ಟೂರ್ನಿಯೇ? ನಾನು ಒಪ್ಪುವುದಿಲ್ಲ

ಗಂಗೊಳ್ಳಿ ಬಂದರು
ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಅರಬ್ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಫಿಫಾ ಅರಬ್ ಕಪ್‌ನ ಫೈನಲ್ ಮುಗಿಯಿತು. ಅದರ ಬಗ್ಗೆ ಇಲ್ಲಿ ಒಂದು ಸಾಲೂ ಕಾಣಲಿಲ್ಲ, ಅದಕ್ಕೇ ನಾನೇ ಶುರು ಮಾಡುತ್ತಿದ್ದೇನೆ.

ಮೊರಾಕ್ಕೊ 3, ಜೋರ್ಡಾನ್ 2, ಹೆಚ್ಚುವರಿ ಸಮಯದಲ್ಲಿ. ನಾಲ್ಕನೇ ನಿಮಿಷದಲ್ಲೇ ಉಸಾಮಾ ತನ್ನಾನ್ ನಡುಗೆರೆಯ ಆಸುಪಾಸಿನಿಂದ ಒದ್ದ ಚೆಂಡು, ಮುಂದೆ ಬಂದು ನಿಂತಿದ್ದ ಜೋರ್ಡಾನ್ ಗೋಲ್‌ಕೀಪರ್‌ನ ತಲೆ ದಾಟಿ ಬಲೆ ಸೇರಿತು. ವಿರಾಮದ ನಂತರ ಅಲಿ ಒಲ್ವಾನ್ ಎರಡು ಗೋಲು ಹೊಡೆದು ಪಂದ್ಯವನ್ನೇ ಮಗುಚಿ ಹಾಕಿದರು. ಇನ್ನೇನು ಜೋರ್ಡಾನ್ ಗೆದ್ದಿತು ಎನ್ನುವಾಗ, 88ನೇ ನಿಮಿಷದಲ್ಲಿ ಅಬ್ದುರ್ರಜಾಕ್ ಹಮ್ದಲ್ಲಾ ಸಮ ಮಾಡಿದರು. 100ನೇ ನಿಮಿಷದ ಗೆಲುವಿನ ಗೋಲು ಕೂಡ ಅವರದೇ. ನೋಡಲು ಬಂದವರು 84,000ಕ್ಕೂ ಹೆಚ್ಚು.

ಮಾರನೆಯ ದಿನ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು, "ಯುರೋಪಿನಲ್ಲಿ ಆಡುವ ತಾರೆ ಹಕೀಮಿ ಇಲ್ಲದ ಮೊರಾಕ್ಕೊ, ಸಲಾಹ್ ಇಲ್ಲದ ಈಜಿಪ್ಟ್. ಬಿ ತಂಡಗಳ ಟೂರ್ನಿಗೆ ಇಷ್ಟು ಸಂಭ್ರಮ ಏಕೆ?" ಎಂದು ಕೇಳಿದರು. ನನಗೆ ಈ ಮಾತು ಸರಿ ಕಾಣುವುದಿಲ್ಲ. ಆಟಗಾರರ ಹೆಸರು ನೋಡಿಯೇ ಪಂದ್ಯದ ಬೆಲೆ ಕಟ್ಟಬೇಕೆ? ಕೊಲ್ಲಿ ದೇಶಗಳಲ್ಲಿರುವವರು, ಊರಿನಲ್ಲೇ ಕುಳಿತು ನೋಡಿದವರು, ನೋಡದೇ ಇದ್ದವರು, ಎಲ್ಲರೂ ಹೇಳಿ.

ಆಸ್ಟಿನ್ ಟೌನ್ 10
ಬೆಲೆ ಕಟ್ಟಲೇಬೇಕು ಅಣ್ಣ. ಈ ಟೂರ್ನಿ ನಡೆಯುವುದು ದೇಶದ ಪಂದ್ಯಗಳಿಗೆಂದು ಫಿಫಾ ಮೀಸಲಿಟ್ಟ ದಿನಗಳ ಹೊರಗೆ. ಆದ್ದರಿಂದ ಯುರೋಪಿನ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಬೇಕಾಗಿಲ್ಲ, ಬಿಡುವುದೂ ಇಲ್ಲ. ಉದಾಹರಣೆ ನೋಡಿ: ಡಿಸೆಂಬರ್ 2ರಂದು ಅರಬ್ ಕಪ್‌ನಲ್ಲಿ ಮೊರಾಕ್ಕೊ ಮತ್ತು ಕೊಮೊರೊಸ್ ಆಡಿದವು, 3-1. ಡಿಸೆಂಬರ್ 21ರಂದು ಆಫ್ರಿಕಾ ಕಪ್ ಉದ್ಘಾಟನಾ ಪಂದ್ಯದಲ್ಲಿ ಅದೇ ಎರಡು ದೇಶಗಳು ಮತ್ತೆ ಆಡಿದವು, 2-0. ದೋಹಾದಲ್ಲಿ ಕೋಚ್ ತಾರಿಕ್ ಸೆಕ್ತಿವಿ ಅವರ ತಂಡ, ರಬಾತ್‌ನಲ್ಲಿ ಕೋಚ್ ವಲೀದ್ ರೆಗ್ರಾಗಿ ಅವರ ತಂಡ. ಇವೆರಡರಲ್ಲಿ ಯಾವುದು ಮೊರಾಕ್ಕೊ?

ಈಜಿಪ್ಟ್ ಕೂಡ ಎರಡನೇ ತಂಡವನ್ನೇ ಕಳುಹಿಸಿ, ಗುಂಪು ಹಂತದಲ್ಲಿ ಒಂದೂ ಪಂದ್ಯ ಗೆಲ್ಲದೆ ಮನೆಗೆ ಹೋಯಿತು. ಕುವೈತ್ ಜೊತೆ 1-1, ಯುಎಇ ಜೊತೆ 1-1, ಜೋರ್ಡಾನ್ ಎದುರು 0-3. ಏಳು ಸಲ ಆಫ್ರಿಕಾ ಕಪ್ ಗೆದ್ದ ದೇಶವೇ ಹೀಗೆ ಬಂದು ಹೋಗುವ ಟೂರ್ನಿಗೆ ಏನೆಂದು ಕರೆಯಬೇಕು? ಒಟ್ಟು 3.65 ಕೋಟಿ ಡಾಲರ್ ಬಹುಮಾನದ ಹಣ ಇಲ್ಲದಿದ್ದರೆ ಎಷ್ಟು ದೇಶಗಳು ಬರುತ್ತಿದ್ದವು?

ಭಟ್ಕಳ ತೀರ
ಎರಡೂ ಮೊರಾಕ್ಕೊ.

ಪಿ.ಟಿ. ಮೇಷ್ಟ್ರು
ಆಸ್ಟಿನ್ ಟೌನ್ ಅವರೇ, ಹಣ ಬಂದದ್ದು ಇತ್ತೀಚೆಗೆ. ಟೂರ್ನಿ ಅದಕ್ಕಿಂತ ಬಹಳ ಹಳೆಯದು.

ಮೊದಲ ಅರಬ್ ಕಪ್ 1963ರಲ್ಲಿ ಬೈರೂತ್‌ನಲ್ಲಿ ನಡೆಯಿತು. ಯೋಚನೆ ಲೆಬನಾನಿನವರದು. ಪತ್ರಕರ್ತ ನಾಸಿಫ್ ಮಜ್ದಲಾನಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಇಜ್ಜತ್ ಅಲ್ ತುರ್ಕ್ ಮುಂತಾದವರು ಅದಕ್ಕಾಗಿ ಓಡಾಡಿದರು. ತುನಿಸಿಯಾ, ಸಿರಿಯಾ, ಲೆಬನಾನ್, ಕುವೈತ್, ಜೋರ್ಡಾನ್, ಇಷ್ಟೇ ಐದು ತಂಡಗಳು. ಎಲ್ಲರೂ ಎಲ್ಲರೊಡನೆ ಆಡಿದರು, ತುನಿಸಿಯಾ ಗೆದ್ದಿತು. ಮರು ವರ್ಷ ಕುವೈತ್‌ನಲ್ಲಿ ಇರಾಕ್, 1966ರಲ್ಲಿ ಬಾಗ್ದಾದ್‌ನಲ್ಲಿ ಮತ್ತೆ ಇರಾಕ್.

ಅಲ್ಲಿಂದ ಮುಂದೆ 19 ವರ್ಷ ಟೂರ್ನಿಯೇ ಇಲ್ಲ. ಯುದ್ಧಗಳು, ಸರ್ಕಾರಗಳ ಜಗಳ, ಯಾರು ಯಾರ ಊರಿಗೆ ಹೋಗಬೇಕು ಎಂಬ ಬಿಗುಮಾನ. 1985ರಲ್ಲಿ ಸೌದಿಯ ತಾಯಿಫ್‌ನಲ್ಲಿ ಮತ್ತೆ ಶುರುವಾದಾಗಲೂ ಗೆದ್ದದ್ದು ಇರಾಕ್. 1988ರಲ್ಲಿ ಅಮ್ಮಾನ್‌ನಲ್ಲಿ ಸಿರಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ನಾಲ್ಕನೇ ಸಲ ಗೆದ್ದಿತು. ಇವತ್ತಿಗೂ ಅಷ್ಟು ಸಲ ಗೆದ್ದವರು ಬೇರೆ ಯಾರೂ ಇಲ್ಲ. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿತಲ್ಲ, ಆ ಮೇಲೆ 1992, 1998, 2002ರ ಟೂರ್ನಿಗಳಲ್ಲಿ ಇರಾಕ್‌ನ ಸುಳಿವೇ ಇಲ್ಲ. 2009ರ ಟೂರ್ನಿ ಪ್ರಾಯೋಜಕರು ಸಿಗದೆ ರದ್ದಾಯಿತು. 2012ರಲ್ಲಿ ಜಿದ್ದಾದಲ್ಲಿ ಮೊರಾಕ್ಕೊ ಗೆದ್ದ ಮೇಲೆ ಮತ್ತೆ ಒಂಬತ್ತು ವರ್ಷ ಮೌನ. ಫಿಫಾ ಕೈಗೆತ್ತಿಕೊಂಡದ್ದು 2021ರಲ್ಲಿ ಮಾತ್ರ.

ಇಷ್ಟು ಸಲ ನಿಂತು, ಇಷ್ಟು ಸಲ ಎದ್ದ ಟೂರ್ನಿಯನ್ನು ಹಣಕ್ಕಾಗಿ ಹುಟ್ಟಿದ್ದು ಎನ್ನುವುದು ಅನ್ಯಾಯ.

ವಿಜಯಪುರ ವಿಂಗರ್
ಮೇಷ್ಟ್ರೇ, 1992ರಲ್ಲಿ ಈಜಿಪ್ಟ್ ಗೆದ್ದದ್ದು ಅರಬ್ ಕ್ರೀಡಾಕೂಟದ ಚಿನ್ನ ಅಲ್ಲವೇ? ಅದನ್ನೂ ಅರಬ್ ಕಪ್ ಎನ್ನುತ್ತಾರೆಯೇ?

ಪಿ.ಟಿ. ಮೇಷ್ಟ್ರು
ಎರಡೂ ಹೌದು. ಆ ವರ್ಷ ಸಿರಿಯಾದಲ್ಲಿ ನಡೆದ ಕ್ರೀಡಾಕೂಟದ ಫುಟ್‌ಬಾಲ್ ಸ್ಪರ್ಧೆಯನ್ನೇ ಅರಬ್ ಕಪ್ ಎಂದೂ ಲೆಕ್ಕಕ್ಕೆ ಹಿಡಿದರು. ಫೈನಲ್ ಅಲೆಪ್ಪೊದಲ್ಲಿ, ಈಜಿಪ್ಟ್ 3, ಸೌದಿ ಅರೇಬಿಯಾ 2. ಸೌದಿಯವರು ಮುಂದಿನ ಎರಡೂ ಸಲ ಗೆದ್ದು ಆ ಸೋಲನ್ನು ತೀರಿಸಿಕೊಂಡರು. 1998ರ ದೋಹಾ ಫೈನಲ್‌ನಲ್ಲಿ ಕತಾರ್ ವಿರುದ್ಧದ ಮೂರೂ ಗೋಲು ಉಬೈದ್ ಅಲ್ ದೋಸರಿ ಒಬ್ಬರದೇ.

ಆಸ್ಟಿನ್ ಟೌನ್ 10
ಇತಿಹಾಸ ಚೆನ್ನಾಗಿದೆ, ಕೈಮುಗಿಯುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಪೂರ್ಣ ಶಕ್ತಿಯ ತಂಡ ಕಳುಹಿಸದ ದೇಶಕ್ಕೆ ಆ ಟೂರ್ನಿಯ ಮೇಲೆ ಗೌರವ ಇದೆ ಎಂದು ನಾನು ಹೇಗೆ ನಂಬಲಿ?

ಭಟ್ಕಳ ತೀರ
ಪೂರ್ಣ ಶಕ್ತಿಯ ತಂಡದ ಮಾತೇ? ಕತಾರ್ ಪೂರ್ಣ ಶಕ್ತಿಯ ತಂಡವನ್ನೇ ಇಳಿಸಿತ್ತು. ಆತಿಥೇಯರು, ಎರಡು ಸಲ ಏಷ್ಯಾ ಕಪ್ ಗೆದ್ದವರು. ಡಿಸೆಂಬರ್ 1ರಂದು ಅಲ್ ಬೈತ್ ಕ್ರೀಡಾಂಗಣದಲ್ಲಿ ಅವರನ್ನು ಪ್ಯಾಲೆಸ್ತೀನ್ ಸೋಲಿಸಿತು. ನಾನು ಅಲ್ಲಿದ್ದೆ.

ಅಲ್ ಬೈತ್ ದೋಹಾದಿಂದ ದೂರ, ಅಲ್ ಖೋರ್‌ನಲ್ಲಿದೆ. ಮೆಟ್ರೊ ಅಲ್ಲಿಯವರೆಗೆ ಹೋಗುವುದಿಲ್ಲ, ಲುಸೈಲ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದವರು ಗಾಜಾ ಮೂಲದ ಒಬ್ಬ ಫಾರ್ಮಸಿಸ್ಟ್. ದಾರಿಯುದ್ದಕ್ಕೂ ಅವರು ಮಾತನಾಡಿದ್ದು ಫುಟ್‌ಬಾಲ್ ಒಂದನ್ನೇ. ತಂಡದ ಕೋಚ್ ಇಹಾಬ್ ಅಬು ಜಝರ್ ಕೂಡ ಗಾಜಾದವರೇ. ಪಂದ್ಯ 0-0 ಎಂದು ಎಲ್ಲರೂ ಎದ್ದು ಹೊರಡಲು ಅಣಿಯಾಗುತ್ತಿದ್ದಾಗ, ಗಾಯದ ಸಮಯದ ಐದನೇ ನಿಮಿಷದಲ್ಲಿ ಕತಾರ್ ರಕ್ಷಣಾ ಆಟಗಾರನಿಗೆ ತಾಗಿದ ಚೆಂಡು ಅವರದೇ ಬಲೆಗೆ ನುಗ್ಗಿತು. ಉಡುಗೊರೆ ಗೋಲು ಎನ್ನಿ, ಪರವಾಗಿಲ್ಲ. ಆ ಫಾರ್ಮಸಿಸ್ಟ್ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ್ದನ್ನು ಕಂಡವರು ಯಾರೂ ಎ ತಂಡ, ಬಿ ತಂಡ ಎಂದು ಲೆಕ್ಕ ಹಾಕುವುದಿಲ್ಲ.

ಮುಂದಿನ ಪಂದ್ಯದಲ್ಲಿ ತುನಿಸಿಯಾ ಎದುರು 0-2 ಹಿಂದಿದ್ದವರು 2-2 ಮಾಡಿಕೊಂಡರು. ಕ್ವಾರ್ಟರ್‌ಫೈನಲ್‌ನಲ್ಲಿ ಸೌದಿಯವರನ್ನು 115ನೇ ನಿಮಿಷದವರೆಗೆ ತಡೆದು ನಿಲ್ಲಿಸಿದರು. ಮೊಹಮದ್ ಕನ್ನೊ ತಲೆಯಿಂದ ಹೊಡೆಯದಿದ್ದರೆ ಅದು ಪೆನಾಲ್ಟಿಗೆ ಹೋಗುತ್ತಿತ್ತು. ಈ ತಂಡ ಮುಖ್ಯ ಸುತ್ತಿಗೆ ಬಂದದ್ದೇ ಲಿಬಿಯಾವನ್ನು ಅರ್ಹತಾ ಪಂದ್ಯದಲ್ಲಿ ಪೆನಾಲ್ಟಿಯಲ್ಲಿ ಸೋಲಿಸಿ.

ಸಾಲ್ಮಿಯಾ ಅಕ್ಕ
ಭಟ್ಕಳದ ತಮ್ಮ, ಓದಿ ಮೈ ನವಿರೆದ್ದಿತು. ಕುವೈತ್‌ನಲ್ಲಿ ನಮ್ಮ ಆಸ್ಪತ್ರೆಯ ಕ್ಯಾಂಟೀನ್‌ನಲ್ಲಿ ಆ ಪಂದ್ಯ ಹಾಕಿದ್ದರು. ಈಜಿಪ್ಟ್‌ನವರು, ಜೋರ್ಡಾನ್‌ನವರು, ಸಿರಿಯಾದವರು, ನಾವು ಮಂಗಳೂರಿನ ನರ್ಸ್‌ಗಳು, ಎಲ್ಲರೂ ಒಂದೇ ಕಡೆ. ಕುವೈತ್ ತಂಡ ಈಜಿಪ್ಟ್ ಜೊತೆ ಡ್ರಾ ಮಾಡಿಕೊಂಡ ದಿನ ಮಾತ್ರ ಮೇಜುಗಳು ಎರಡು ಭಾಗವಾಗಿದ್ದವು!

ಆಸ್ಟಿನ್ ಟೌನ್ 10
ಭಟ್ಕಳದವರೇ, ಪ್ಯಾಲೆಸ್ತೀನ್ ಹೋರಾಟವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಗುಂಪಿನ ಕೊನೆಯ ಸುತ್ತಿನ ವಿಷಯವನ್ನು ನೀವು ಬಿಟ್ಟಿದ್ದೀರಿ. ಪ್ಯಾಲೆಸ್ತೀನ್ ಮತ್ತು ಸಿರಿಯಾ ಇಬ್ಬರಿಗೂ ತಲಾ ನಾಲ್ಕು ಅಂಕ. ಇಬ್ಬರೂ ಪರಸ್ಪರ ಡ್ರಾ ಮಾಡಿಕೊಂಡರೆ ಇಬ್ಬರೂ ಕ್ವಾರ್ಟರ್‌ಫೈನಲ್‌ಗೆ. ಪಂದ್ಯ ಮುಗಿದದ್ದು 0-0. ಕತಾರ್ ಅನ್ನು 3-0 ಅಂತರದಿಂದ ಸೋಲಿಸಿಯೂ ತುನಿಸಿಯಾ ಹೊರಗೆ. ಇದು ಸರಿಯೇ?

ವಿಜಯಪುರ ವಿಂಗರ್
ತುನಿಸಿಯಾ ಮೊದಲ ಪಂದ್ಯದಲ್ಲಿ ಸಿರಿಯಾಕ್ಕೆ 1-0ಯಿಂದ ಸೋತಿತು. ಎರಡನೆಯದರಲ್ಲಿ ಎರಡು ಗೋಲಿನ ಮುನ್ನಡೆಯನ್ನು ಕೈಯಾರೆ ಬಿಟ್ಟುಕೊಟ್ಟಿತು. ಆ ಮೇಲೆ ಯಾರ ಮೇಲೆ ದೂರು?

ಪಿ.ಟಿ. ಮೇಷ್ಟ್ರು
ಈ ಪ್ರಶ್ನೆ ಅರಬ್ ಫುಟ್‌ಬಾಲ್‌ನಲ್ಲಿ ಬಹಳ ನೋವಿನದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

1982ರ ವಿಶ್ವಕಪ್, ಸ್ಪೇನ್. ಅಲ್ಜೀರಿಯಾ ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ಚಿಲಿಯನ್ನೂ ಸೋಲಿಸಿ ಕಾದು ಕುಳಿತಿತು. ಮರುದಿನ, ಜೂನ್ 25ರಂದು, ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಮುಖಾಮುಖಿಯಾದವು. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ. ಹತ್ತನೇ ನಿಮಿಷದಲ್ಲಿ ಹ್ರುಬೆಶ್ ಗೋಲು ಹೊಡೆದರು. ಉಳಿದ ಎಂಬತ್ತು ನಿಮಿಷ ಇಪ್ಪತ್ತೆರಡು ಜನ ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತ ನಿಂತರು. ಗ್ಯಾಲರಿಯಲ್ಲಿದ್ದ ಅಲ್ಜೀರಿಯಾದವರು ಪಂದ್ಯ ಮಾರಾಟವಾಗಿದೆ ಎಂದು ನೋಟುಗಳನ್ನು ಎತ್ತಿ ಆಡಿಸಿದರು. ಫಿಫಾ ಫಲಿತಾಂಶವನ್ನು ಬದಲಿಸಲಿಲ್ಲ. ಆದರೆ 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ನಿಯಮ ಬಂತು.

ಈಗ ಆಸ್ಟಿನ್ ಟೌನ್ ಅವರ ದೂರಿಗೆ ಬರೋಣ. ಮೊನ್ನೆಯ ಎರಡೂ ಪಂದ್ಯಗಳು ಏಕಕಾಲಕ್ಕೇ ನಡೆದವು. ಆದರೂ ಇಬ್ಬರಿಗೂ ಡ್ರಾ ಸಾಕು ಎಂಬ ಸ್ಥಿತಿಯನ್ನು ಯಾವ ವೇಳಾಪಟ್ಟಿಯೂ ತಪ್ಪಿಸಲಾರದು. ನಾಲ್ಕು ತಂಡಗಳ ಗುಂಪಿನಲ್ಲಿ ಅಂಕಗಳು ಹಾಗೆ ಬಂದು ಕೂರುವುದು ಲೆಕ್ಕದ ಗುಣ, ಆಟಗಾರರ ಗುಣವಲ್ಲ. ಡ್ರಾ ಸಾಕು ಎಂದಿರುವ ತಂಡ ಹಿಂದೆ ನಿಂತು ರಕ್ಷಣೆ ಮಾಡುವುದಕ್ಕೂ, ಇಬ್ಬರೂ ಕೂಡಿಕೊಂಡು ಆಟ ನಿಲ್ಲಿಸುವುದಕ್ಕೂ ಅಜಗಜಾಂತರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಿರ್ವಾಹಕರು
ಚರ್ಚೆ ಚೆನ್ನಾಗಿ ಸಾಗುತ್ತಿದೆ. ದೇಶಗಳ ರಾಜಕೀಯದ ಬಗ್ಗೆ ಬಂದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಮಾತು ಮೈದಾನದ ಸುತ್ತಲೇ ಇರಲಿ.

ಕೊಡಗಿನ ಕಾಫಿ
ಒಂದು ಸಂದೇಹ. ಕೊಮೊರೊಸ್, ಸೊಮಾಲಿಯಾ, ಜಿಬೂತಿ ಕೂಡ ಅರಬ್ ದೇಶಗಳೇ? ನಾನು ಕೊಮೊರೊಸ್ ಎಂದರೆ ಮಡಗಾಸ್ಕರ್ ಪಕ್ಕದ ದ್ವೀಪ ಎಂದಷ್ಟೇ ತಿಳಿದಿದ್ದೆ.

ಗಂಗೊಳ್ಳಿ ಬಂದರು
ಅರಬ್ ಲೀಗ್‌ನ 22 ಸದಸ್ಯ ದೇಶಗಳಲ್ಲಿ ಅವೂ ಸೇರಿವೆ ಮೇಡಂ. ಜೊತೆಗೆ ದಕ್ಷಿಣ ಸುಡಾನ್‌ಗೂ ಅವಕಾಶ ಕೊಡುತ್ತಾರೆ, ಹಾಗಾಗಿ 23. ಅದು ಈ ಸಲ ಸಿರಿಯಾಕ್ಕೆ 2-0ಯಿಂದ ಸೋತಿತು. ಕೊಮೊರೊಸ್ ಮುಖ್ಯ ಸುತ್ತಿಗೆ ಬಂದ ಬಗೆ ಕೇಳಿ: ಯೆಮನ್ ವಿರುದ್ಧ 4-4 ಡ್ರಾ, ನಂತರ ಪೆನಾಲ್ಟಿಯಲ್ಲಿ ಗೆಲುವು. ಆ ಪಂದ್ಯದ ಮುಖ್ಯಾಂಶಗಳನ್ನು ಹುಡುಕಿ ನೋಡಿ, ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ.

ಕೊಡಗಿನ ಕಾಫಿ
ನಾವು ಹಾಕಿಯವರು, ಎಂಟು ಗೋಲು ಎಂದರೆ ಖುಷಿಯೇ. ಖಂಡಿತ ನೋಡುತ್ತೇನೆ.

ರಿಯಾದ್ ಲೆಕ್ಕಿಗ
ತಡವಾಗಿ ಬಂದೆ. ಆಸ್ಟಿನ್ ಟೌನ್ ಅವರಿಗೆ ಒಂದು ಮಾತು ಕೇಳಬೇಕು.

2023ರ ಮಾರ್ಚ್ 4, ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣ. ಭಾರತದ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿಯ ಫೈನಲ್. ಕರ್ನಾಟಕ 3, ಮೇಘಾಲಯ 2. ಅದಕ್ಕೆ ಮೊದಲು ನಾವು ಆ ಟ್ರೋಫಿ ಗೆದ್ದದ್ದು 1968-69ರಲ್ಲಿ, ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. 54 ವರ್ಷ ಕಾದದ್ದು! ಆ ದಿನ ಗೋಲು ಹೊಡೆದ ಸುನಿಲ್ ಕುಮಾರ್, ಬೇಕಿ ಓರಮ್, ರಾಬಿನ್ ಯಾದವ್ ಅವರನ್ನು ಅಲ್ಲಿಯವರೆಗೆ ಎಷ್ಟು ಜನ ಕೇಳಿದ್ದರು? ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಾರೆಗಳು ಒಬ್ಬರೂ ಇರಲಿಲ್ಲ. ಅವರವರ ಕ್ಲಬ್‌ಗಳಿಗೆ ಅವರವರ ಪಂದ್ಯಗಳಿದ್ದವು.

ನಾವು ಒಂದಷ್ಟು ಕನ್ನಡಿಗರು ಆ ದೊಡ್ಡ ಕ್ರೀಡಾಂಗಣದ ಒಂದು ಬದಿಯಲ್ಲಿ ಬಾವುಟ ಹಿಡಿದು ಕುಳಿತಿದ್ದೆವು. ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಫ್ರೀಕಿಕ್ ಒದ್ದರು, ಚೆಂಡು ಗೋಡೆ ದಾಟಿ ಒಳಹೊಕ್ಕಿತು. ನನ್ನ ಪಕ್ಕದಲ್ಲಿದ್ದ ಹಾಸನದ ಹಿರಿಯರೊಬ್ಬರು ಕಣ್ಣು ಒರೆಸಿಕೊಂಡರು. ಈಗ ಹೇಳಿ, ಅದು ಕರ್ನಾಟಕದ ಗೆಲುವು ಹೌದೋ ಅಲ್ಲವೋ? ಸುನಿಲ್ ಛೆಟ್ರಿ ಆಡುವ ಬೆಂಗಳೂರು ಎಫ್‌ಸಿ ಮಾತ್ರ ನಿಜವಾದ ಬೆಂಗಳೂರು, ಈ ಹುಡುಗರು ಬಿ ತಂಡ ಎಂದು ನೀವು ಅವರ ಎದುರು ನಿಂತು ಹೇಳುತ್ತೀರಾ?

ಅರಬ್ ಕಪ್ ಕೂಡ ಹಾಗೆಯೇ. ಕಾಸಾಬ್ಲಾಂಕಾ, ಅಮ್ಮಾನ್, ಬಾಗ್ದಾದ್‌ಗಳ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿದವರಿಗೆ ದೇಶದ ಅಂಗಿ ತೊಟ್ಟು 80,000 ಜನರ ಮುಂದೆ ಇಳಿಯುವ ಬಾಗಿಲು ಇದೊಂದೇ. ಅವರ ಪಾಲಿಗೆ ಇದು ಎರಡನೆಯದಲ್ಲ.

ಸಾಲ್ಮಿಯಾ ಅಕ್ಕ
ಇದನ್ನು ಯಾರಾದರೂ ಹೇಳಬೇಕಿತ್ತು. ಧನ್ಯವಾದ ರಾಯರೇ.

ಆಸ್ಟಿನ್ ಟೌನ್ 10
ಆ ಫೈನಲ್‌ನಲ್ಲಿ ಆಡಿದ ಹುಡುಗರಲ್ಲಿ ಕೆಲವರನ್ನು ನಮ್ಮ ಬಡಾವಣೆಯ ಮೈದಾನದಲ್ಲೇ ಕಂಡಿದ್ದೇನೆ ರಾಯರೇ. ಅವರನ್ನು ಬಿ ತಂಡ ಎಂದು ನಾನು ಯಾವತ್ತೂ ಕರೆಯುವುದಿಲ್ಲ. ಆದರೆ ಸಂತೋಷ್ ಟ್ರೋಫಿಯನ್ನು ಯಾರೂ ಐಎಸ್‌ಎಲ್‌ಗೆ ಸಮ ಎಂದು ಮಾರುವುದಿಲ್ಲ. ಫಿಫಾ ಅರಬ್ ಕಪ್ ಅನ್ನು ವಿಶ್ವಕಪ್‌ನ ತಮ್ಮ ಎಂಬಂತೆ ಮಾರುತ್ತಿದೆ, ನನ್ನ ತಕರಾರು ಅಲ್ಲಿದೆ. ಈ ಟೂರ್ನಿ ನಿಜಕ್ಕೂ ದೊಡ್ಡದು ಎಂದಾದರೆ ಕ್ಯಾಲೆಂಡರ್‌ನಲ್ಲಿ ಸರಿಯಾದ ಜಾಗ ಕೊಡಲಿ. ಆಫ್ರಿಕಾ ಕಪ್ ಶುರುವಾಗುವುದಕ್ಕೆ ಮೂರೇ ದಿನ ಮುಂಚೆ ಫೈನಲ್ ಇಟ್ಟವರು ಯಾರು? ಅಲ್ಜೀರಿಯಾ, ತುನಿಸಿಯಾ, ಈಜಿಪ್ಟ್, ಮೊರಾಕ್ಕೊ, ಸುಡಾನ್, ಕೊಮೊರೊಸ್, ಆರು ದೇಶಗಳು ಒಂದೇ ತಿಂಗಳಲ್ಲಿ ಎರಡು ಟೂರ್ನಿ ಆಡಬೇಕಾಯಿತು.

ಗಂಗೊಳ್ಳಿ ಬಂದರು
ಈ ಮಾತಿಗೆ ನನ್ನ ಪೂರ್ತಿ ಸಹಮತ. ದಿನಾಂಕದ ತಪ್ಪು ಸಂಘಟಕರದು. ಅದರ ಹೊರೆಯನ್ನು ಆಟಗಾರರ ತಲೆಗೆ ಕಟ್ಟಬೇಡಿ ಎಂಬುದಷ್ಟೇ ನನ್ನ ವಾದ.

ಧಾರವಾಡ ಡ್ರಿಬಲ್
2021ರ ಟೂರ್ನಿಯನ್ನು ಯಾರೂ ನೆನೆಯುತ್ತಿಲ್ಲವಲ್ಲ! ಅಲ್ಜೀರಿಯಾ–ಮೊರಾಕ್ಕೊ ಕ್ವಾರ್ಟರ್‌ಫೈನಲ್, ಅಲ್ ಸುಮಾಮಾ ಕ್ರೀಡಾಂಗಣ. ಆ ಆಗಸ್ಟ್‌ನಲ್ಲಷ್ಟೇ ಅಲ್ಜೀರಿಯಾ ಮೊರಾಕ್ಕೊ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತ್ತು. ಎರಡು ದೇಶಗಳ ನಡುವಿನ ನೆಲಗಡಿ ಮುಚ್ಚಿ ಆಗಲೇ ದಶಕಗಳಾಗಿದ್ದವು. ಹೆಚ್ಚುವರಿ ಸಮಯದಲ್ಲಿ ಯೂಸೆಫ್ ಬೆಲೈಲಿ ಎದೆಯ ಮೇಲೆ ಚೆಂಡು ಇಳಿಸಿಕೊಂಡು, ನೆಲಕ್ಕೆ ಪುಟಿಯಲು ಬಿಟ್ಟು, ಸುಮಾರು ನಲವತ್ತು ಮೀಟರ್ ದೂರದಿಂದ ಒದ್ದರು. ಗೋಲ್‌ಕೀಪರ್ ಹಿಂದಕ್ಕೆ ಓಡುತ್ತ ಓಡುತ್ತ ಬಿದ್ದರು. ಪಂದ್ಯ 2-2 ಆಗಿ ಪೆನಾಲ್ಟಿಯಲ್ಲಿ ಅಲ್ಜೀರಿಯಾ 5-3. ಬೆಲೈಲಿ ಆಗ ಆಡುತ್ತಿದ್ದದ್ದು ಕತಾರ್‌ನ ಕ್ಲಬ್‌ನಲ್ಲಿ, ಯುರೋಪಿನಲ್ಲಿ ಅಲ್ಲ.

ಕತಾರ್ ವಿರುದ್ಧದ ಸೆಮಿಫೈನಲ್‌ನಲ್ಲಿ ಗೆಲುವಿನ ಗೋಲು ಬಂದದ್ದು ಗಾಯದ ಸಮಯದ 17ನೇ ನಿಮಿಷದಲ್ಲಿ. ಹದಿನೇಳು! ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರು, ಮರಳಿ ಬಂದ ಚೆಂಡನ್ನು ಅದೇ ಬೆಲೈಲಿ ಒಳಗೆ ತಳ್ಳಿದರು. ಫೈನಲ್‌ನಲ್ಲಿ ತುನಿಸಿಯಾ ಎದುರು 2-0, ಸಯೂದ್ ಮತ್ತು ಬ್ರಾಹಿಮಿ.

ವಿಜಯಪುರ ವಿಂಗರ್
ಸಯೂದ್ ಹೊಡೆದ ಆ ಎಡಗಾಲಿನ ಗೋಲು! ಈಗಲೂ ನೋಡುತ್ತಿರುತ್ತೇನೆ.

ಮೈಸೂರು ಮಾನಿಟರ್
ಇನ್ನೊಂದು ಸಂಗತಿ. ಇವತ್ತು ದೊಡ್ಡ ಟೂರ್ನಿಗಳಲ್ಲಿ ಕಾಣುವ ಅರೆ ಸ್ವಯಂಚಾಲಿತ ಆಫ್‌ಸೈಡ್ ತಂತ್ರಜ್ಞಾನವನ್ನು ಫಿಫಾ ಮೊದಲು ಪರೀಕ್ಷಿಸಿದ ಟೂರ್ನಿಗಳಲ್ಲಿ 2021ರ ಅರಬ್ ಕಪ್ ಒಂದು. ಕ್ರೀಡಾಂಗಣದ ಚಾವಣಿಯ ಕೆಳಗೆ ಕ್ಯಾಮೆರಾಗಳನ್ನು ಕೂರಿಸಿ, ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುವ ವ್ಯವಸ್ಥೆ ಅದು. ಮರುವರ್ಷ ವಿಶ್ವಕಪ್‌ಗೆ ಬಂತು. 974 ಕಂಟೇನರ್‌ಗಳ ಕ್ರೀಡಾಂಗಣ ಮತ್ತು ಅಲ್ ಬೈತ್ ಎರಡರ ಉದ್ಘಾಟನೆಯೂ 2021ರ ಅರಬ್ ಕಪ್‌ನ ಮೊದಲ ದಿನವೇ ಆಯಿತು.

ಆಸ್ಟಿನ್ ಟೌನ್ 10
ನೀವೇ ಹೇಳಿದಿರಲ್ಲ, ಪರೀಕ್ಷಿಸುವ ಟೂರ್ನಿ. ವಿಶ್ವಕಪ್‌ನ ತಾಲೀಮು.

ಮೈಸೂರು ಮಾನಿಟರ್
ಫಿಫಾಗೆ ತಾಲೀಮು ಆಗಿರಬಹುದು. ಆಡಿದವರಿಗೆ ಅಲ್ಲ. 2025ರಲ್ಲಿ ತಾಲೀಮಿಗೆ ಯಾವ ವಿಶ್ವಕಪ್ ಇತ್ತು ಕತಾರ್‌ನಲ್ಲಿ?

ಉಡುಪಿ ಕಾಮಗಾರಿ
ಮೂರನೇ ಸ್ಥಾನದ ಪಂದ್ಯದ ಬಗ್ಗೆ ಹೇಳಲೇಬೇಕು. ಖಲೀಫಾ ಕ್ರೀಡಾಂಗಣದಲ್ಲಿ ಸೌದಿ–ಯುಎಇ ಪಂದ್ಯ ವಿರಾಮದ ಹೊತ್ತಿಗೆ ಮಳೆಯಿಂದ ನಿಂತೇ ಹೋಯಿತು. 0-0. ಮೂರನೇ ಸ್ಥಾನವನ್ನು ಇಬ್ಬರಿಗೂ ಹಂಚಿದರು. ಫೈನಲ್ ಮಾತ್ರ ಅದೇ ದಿನ ಸಂಜೆ ನಡೆಯಿತು.

ನಾನು ಇಲ್ಲಿ ರಸ್ತೆ ಕಾಮಗಾರಿಯಲ್ಲಿದ್ದೇನೆ. ನಮ್ಮ ಕರಾವಳಿಯ ಜೂನ್ ಮಳೆಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ವರ್ಷದ ಬಹುಪಾಲು ಮಳೆಯೇ ಕಾಣದ ಊರು ಇದು. ನೆಲ ಗಟ್ಟಿ, ಇಳಿಜಾರು ಕಡಿಮೆ, ಬಿದ್ದ ನೀರು ಬಿದ್ದಲ್ಲೇ ನಿಲ್ಲುತ್ತದೆ. ಆ ಮಧ್ಯಾಹ್ನ ನಮ್ಮ ಟ್ಯಾಂಕರ್‌ಗಳು ಕೆಳಸೇತುವೆಗಳಿಂದ ನೀರು ಎತ್ತುತ್ತಲೇ ಇದ್ದವು. ಪಂದ್ಯ ನಿಲ್ಲಿಸಿದ್ದು ಸರಿಯಾದ ತೀರ್ಮಾನ. ನೀರು ತುಂಬಿದ ಹುಲ್ಲಿನ ಮೇಲೆ ಮೊಣಕಾಲು ತಿರುಚಿಕೊಂಡರೆ ಆಟಗಾರನ ಒಂದು ವರ್ಷ ಹೋಗುತ್ತದೆ.

ಸಾಲ್ಮಿಯಾ ಅಕ್ಕ
ಮೊಣಕಾಲು ಎಂದಾಗ ನೆನಪಾಯಿತು, ಜೋರ್ಡಾನ್‌ನ ಯಜನ್ ಅಲ್ ನೈಮತ್. ಇರಾಕ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಬಿದ್ದವರು ಮತ್ತೆ ಏಳಲಿಲ್ಲ, ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು. ಜೋರ್ಡಾನ್ ಇತಿಹಾಸದಲ್ಲೇ ಮೊದಲ ಸಲ ವಿಶ್ವಕಪ್‌ಗೆ ಹೋಗುತ್ತಿರುವಾಗ ಹೀಗಾಗಬೇಕೆ? ನನ್ನ ವಾರ್ಡಿನಲ್ಲಿ ಇಂಥ ಶಸ್ತ್ರಚಿಕಿತ್ಸೆ ಆದ ಹುಡುಗರನ್ನು ನೋಡುತ್ತಿರುತ್ತೇನೆ, ಮತ್ತೆ ಓಡಲು ತಿಂಗಳುಗಟ್ಟಲೆ ಬೇಕು. ಕ್ಲಬ್‌ಗಳು ಆಟಗಾರರನ್ನು ಬಿಡಲು ಹೆದರುವುದು ಏಕೆ ಎಂದೂ ನನಗೆ ಅರ್ಥವಾಗುತ್ತದೆ.

ಭಟ್ಕಳ ತೀರ
ಹೌದು ಅಕ್ಕ. ಆ ಗಾಯದ ನಂತರವೂ ಜೋರ್ಡಾನ್ ಸೆಮಿಫೈನಲ್‌ನಲ್ಲಿ ಸೌದಿಯನ್ನು 1-0ಯಿಂದ ಸೋಲಿಸಿತು, ನಿಜಾರ್ ಅಲ್ ರಶ್ದಾನ್ ತಲೆಯಿಂದ. ಒಲ್ವಾನ್ ಆರು ಗೋಲು ಹೊಡೆದು ಟೂರ್ನಿಯಲ್ಲೇ ಮೊದಲಿಗರಾದರು. ಅವರ ಕೋಚ್ ಜಮಾಲ್ ಸೆಲ್ಲಾಮಿ ಯಾವ ದೇಶದವರು ಗೊತ್ತೇ? ಮೊರಾಕ್ಕೊ! ಫೈನಲ್‌ನಲ್ಲಿ ತನ್ನ ದೇಶದ ವಿರುದ್ಧವೇ ನಿಂತು, ಗೆಲುವಿಗೆ ಎರಡು ನಿಮಿಷ ಬಾಕಿ ಇದ್ದಾಗ ಸಮಬಲ ಕಂಡವರು.

ಶಾಂತಿನಗರ ಗ್ಯಾಲರಿ
ವಿಷಯ ಸ್ವಲ್ಪ ಬದಲಾಗಬಹುದು, ಕ್ಷಮೆ ಇರಲಿ. 1963ರಲ್ಲಿ ಈ ಟೂರ್ನಿ ಶುರು ಮಾಡಿದ ಲೆಬನಾನ್, ಎರಡನೇ ಟೂರ್ನಿ ನಡೆಸಿದ ಕುವೈತ್, ಎರಡೂ ತಂಡಗಳನ್ನು ನಾವು ನಮ್ಮ ಕಂಠೀರವದಲ್ಲೇ ನೋಡಿದ್ದೇವೆ. 2023ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ಗೆ ಅವರನ್ನು ಅತಿಥಿ ತಂಡಗಳಾಗಿ ಕರೆದಿದ್ದರು. ಸೆಮಿಫೈನಲ್‌ನಲ್ಲಿ ಲೆಬನಾನ್ ಅನ್ನು ಪೆನಾಲ್ಟಿಯಲ್ಲಿ, ಜುಲೈ 4ರ ಫೈನಲ್‌ನಲ್ಲಿ ಕುವೈತ್ ಅನ್ನೂ ಪೆನಾಲ್ಟಿಯಲ್ಲಿ ಸೋಲಿಸಿದೆವು. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಒದೆತವನ್ನು ತಡೆದಾಗ ಗ್ಯಾಲರಿಯ ಸಿಮೆಂಟು ಮೆಟ್ಟಿಲುಗಳೇ ನಡುಗಿದವು. ಭಾರತಕ್ಕೆ ಇಂಥ ತಂಡಗಳ ಜೊತೆ ವರ್ಷಕ್ಕೆ ಹತ್ತು ಪಂದ್ಯ ಸಿಕ್ಕರೆ ನಮ್ಮ ಆಟ ಎಲ್ಲಿಗೋ ಹೋಗುತ್ತದೆ.

ವಿಜಯಪುರ ವಿಂಗರ್
2024ರ ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಹೊಡೆದ ಆ ಗೋಲನ್ನೂ ನೆನೆಯಿರಿ. ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ತಂದು ಗೋಲು ಮಾಡಿದರು, ರೆಫರಿ ಕೊಟ್ಟೇಬಿಟ್ಟರು. 2-1, ಅಲ್ಲಿಗೆ ನಮ್ಮ ವಿಶ್ವಕಪ್ ಅರ್ಹತಾ ಸುತ್ತಿನ ಆಸೆ ಮುಗಿಯಿತು.

ನಿರ್ವಾಹಕರು
ಆ ಗೋಲಿಗೆ ಬೇರೆಯೇ ಚರ್ಚೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ.

ಕೊಡಗಿನ ಕಾಫಿ
ಯೆಮನ್–ಕೊಮೊರೊಸ್ ಮುಖ್ಯಾಂಶ ನೋಡಿದೆ. ಇನ್ನು ಮುಂದೆ ನಾನು ಕೊಮೊರೊಸ್ ಕಡೆ.

ಪಿ.ಟಿ. ಮೇಷ್ಟ್ರು
ಹಿಹೋನ್ ವಿಷಯಕ್ಕೆ ಒಂದು ಬಾಲಂಗೋಚಿ. ಅರಬ್ ಕಪ್ ನಡೆಯುತ್ತಿದ್ದಾಗಲೇ, ಡಿಸೆಂಬರ್ 5ರಂದು, ವಾಷಿಂಗ್ಟನ್‌ನಲ್ಲಿ 2026ರ ವಿಶ್ವಕಪ್ ಗುಂಪುಗಳ ಚೀಟಿ ಎತ್ತಿದರು. ಜೆ ಗುಂಪು ನೋಡಿದಿರಾ? ಅರ್ಜೆಂಟೀನಾ, ಅಲ್ಜೀರಿಯಾ, ಆಸ್ಟ್ರಿಯಾ, ಜೋರ್ಡಾನ್. ಕೊನೆಯ ಸುತ್ತಿನಲ್ಲಿ ಅಲ್ಜೀರಿಯಾ–ಆಸ್ಟ್ರಿಯಾ ಮುಖಾಮುಖಿ, ಅದೇ ಹೊತ್ತಿಗೆ ಜೋರ್ಡಾನ್–ಅರ್ಜೆಂಟೀನಾ.

ಧಾರವಾಡ ಡ್ರಿಬಲ್
ಅಯ್ಯೋ ಮೇಷ್ಟ್ರೇ, ಇದನ್ನು ನಾನು ಗಮನಿಸಿಯೇ ಇರಲಿಲ್ಲ! 1982ರ ನಂತರ ವಿಶ್ವಕಪ್‌ನಲ್ಲಿ ಇಬ್ಬರೂ ಎದುರಾಗುತ್ತಿರುವುದು ಇದೇ ಮೊದಲು.

ಗಂಗೊಳ್ಳಿ ಬಂದರು
ಮೊರಾಕ್ಕೊ, ತುನಿಸಿಯಾ, ಈಜಿಪ್ಟ್, ಅಲ್ಜೀರಿಯಾ, ಸೌದಿ, ಕತಾರ್, ಜೋರ್ಡಾನ್, ಏಳು ಅರಬ್ ತಂಡಗಳು ಈಗಾಗಲೇ ಒಳಗಿವೆ. ಇರಾಕ್ 2026ರ ಮಾರ್ಚ್‌ನ ಪ್ಲೇಆಫ್‌ನಲ್ಲಿ ಗೆದ್ದರೆ ಎಂಟು. ದೋಹಾದಲ್ಲಿ ಆಡಿದ ಜೋರ್ಡಾನ್ ಹುಡುಗರಲ್ಲಿ ಬಹುಪಾಲು ಮಂದಿಯೇ ಅಲ್ಲೂ ಆಡುವವರು. ಆಸ್ಟಿನ್ ಟೌನ್ ಅವರೇ, ಇದಕ್ಕೇನು ಹೇಳುತ್ತೀರಿ?

ಆಸ್ಟಿನ್ ಟೌನ್ 10
ಜೋರ್ಡಾನ್ ಮಟ್ಟಿಗೆ ನಿಮ್ಮ ವಾದ ಗಟ್ಟಿ, ಅವರು ಬಹುತೇಕ ಮುಖ್ಯ ತಂಡದೊಡನೆ ಬಂದು ಪೂರ್ಣ ಶಕ್ತಿಯಿಂದ ಆಡಿದರು. ಈಜಿಪ್ಟ್ ಮಟ್ಟಿಗೆ ನನ್ನ ವಾದ ಗಟ್ಟಿ. 2029 ಮತ್ತು 2033ರ ಟೂರ್ನಿಗಳೂ ಕತಾರ್‌ನಲ್ಲೇ ಎಂದು ಫಿಫಾ ತೀರ್ಮಾನಿಸಿ ಆಗಿದೆ. ಅಷ್ಟರಲ್ಲಿ ದಿನಾಂಕ ಸರಿ ಮಾಡಿದರೆ ನಾನೇ ಟಿಕೆಟ್ ತೆಗೆದುಕೊಂಡು ಬರುತ್ತೇನೆ, ಭಟ್ಕಳದವರ ಜೊತೆ ಬಸ್ಸಿನಲ್ಲಿ ಅಲ್ ಖೋರ್‌ಗೆ ಹೋಗೋಣ.

ಭಟ್ಕಳ ತೀರ
ಬನ್ನಿ, ಊಟ ನಮ್ಮ ಮನೆಯಲ್ಲಿ. ಆದರೆ ಆ ದಿನ ನೀವು ಪ್ಯಾಲೆಸ್ತೀನ್ ಕಡೆ ಕೂರಬೇಕು.

ರಿಯಾದ್ ಲೆಕ್ಕಿಗ
2026ರ ಜೂನ್‌ನಲ್ಲಿ ಜೋರ್ಡಾನ್–ಅಲ್ಜೀರಿಯಾ ಪಂದ್ಯವೂ ಇದೆ, ವಿಶ್ವಕಪ್‌ನಲ್ಲಿ ಎರಡು ಅರಬ್ ತಂಡಗಳು ಎದುರುಬದುರು. ಅದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಎಲ್ಲರೂ ಬನ್ನಿ. ನನ್ನ ಅಂದಾಜು ಜೋರ್ಡಾನ್ 1, ಅಲ್ಜೀರಿಯಾ 1.

ಧಾರವಾಡ ಡ್ರಿಬಲ್
ಸಾಧ್ಯವೇ ಇಲ್ಲ ರಾಯರೇ. ಅಲ್ಜೀರಿಯಾ 2-0. ಅಲ್ಲಿಗೇ ಬಂದು ವಾದಿಸುತ್ತೇನೆ.